ಉಸಿರಿನ ನಳಿಕೆ ಜಾರದಿರಲಿ: ಮನೆಮಂದಿಗೊಂದು ಪಾಠ



2005ರ ಫೆಬ್ರವರಿ 24ರಂದು ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರ ಕತ್ತಿನ ಮುಂಭಾಗದಲ್ಲಿ ಸಣ್ಣದೊಂದು ರಂಧ್ರ ಮಾಡಿ, ಉಸಿರಾಟಕ್ಕೆಂದು ನಳಿಕೆಯನ್ನು ಇಡಲಾಯಿತು. ಮಾರ್ಚ್ 27ರ ಪುನರುತ್ಥಾನ ಹಬ್ಬದಂದು ಅವರು ಕಿಟಕಿಯ ಬಳಿ ಕಾಣಿಸಿಕೊಂಡಾಗ ಮಾತನಾಡಲು ಯತ್ನಿಸಿದರೂ ಮಾತು ಹೊರಡಲಿಲ್ಲ. ಕೈಯೆತ್ತಿ ಶಿಲುಬೆಯ ಗುರುತು ಮಾಡಿ ಆಶೀರ್ವದಿಸಿದರು. ಜಗತ್ತಿನ ಮೂಲೆಮೂಲೆಯಲ್ಲಿ ಕೇಳಿದ್ದ ಆ ಧ್ವನಿ ಕಿಟಕಿಯಿಂದಾಚೆಗೆ ಬರಲಿಲ್ಲ.

ಇಂಥ ನಳಿಕೆಯೊಂದಿಗೆ ಬದುಕುವವರು ನಮ್ಮ ನಡುವೆಯೂ ಇದ್ದಾರೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಯುವಕ, ಪಾರ್ಶ್ವವಾಯು ಬಡಿದ ತಂದೆ, ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಅಜ್ಜ, ಹುಟ್ಟಿನಿಂದಲೇ ಶ್ವಾಸದ ದಾರಿ ಕಿರಿದಾದ ಹಸುಗೂಸು, ಹೀಗೆ ಹಲವರು ಆಸ್ಪತ್ರೆಯಿಂದ ಮನೆಗೆ ಬರುವಾಗ ಕತ್ತಿನಲ್ಲಿ ನಳಿಕೆಯಿರುತ್ತದೆ. ಆಸ್ಪತ್ರೆಯಲ್ಲಿ ದಾದಿಯರು ನೋಡಿಕೊಳ್ಳುತ್ತಿದ್ದುದನ್ನು ಮನೆಯಲ್ಲಿ ಹೆಂಡತಿ, ಮಗಳು, ತಮ್ಮ ನೋಡಿಕೊಳ್ಳಬೇಕಾಗುತ್ತದೆ. ಆಗ ಅವರ ಮನಸ್ಸನ್ನು ಹಗಲಿರುಳು ಕಾಡುವ ಭಯ ಒಂದೇ: ನಳಿಕೆ ಜಾರಿ ಹೊರಬಂದರೆ ಗತಿಯೇನು? ಈ ವಾರದ ಪಾಠ ಅದನ್ನೇ ಕುರಿತದ್ದು.

ನಳಿಕೆಯನ್ನು ಹಿಡಿದಿಟ್ಟಿರುವುದು ಏನು?

ವೈದ್ಯರು ಟ್ರೇಕಿಯಾಸ್ಟಮಿ ಎಂದು ಕರೆಯುವ ಈ ಶಸ್ತ್ರಕ್ರಿಯೆಯಲ್ಲಿ ಧ್ವನಿಪೆಟ್ಟಿಗೆಗಿಂತ ಕೆಳಗೆ ಶ್ವಾಸನಾಳಕ್ಕೆ ನೇರವಾದ ದಾರಿ ಮಾಡುತ್ತಾರೆ. ಆ ದಾರಿಯಲ್ಲಿ ಬಾಗಿದ ನಳಿಕೆಯೊಂದು ಕೂರುತ್ತದೆ. ಹೊರಗೆ, ಕತ್ತಿನ ಚರ್ಮಕ್ಕೆ ತಾಗಿ, ಅದಕ್ಕೆ ಎರಡು ಕಡೆ ರೆಕ್ಕೆಯಂಥ ಪಟ್ಟಿ ಇರುತ್ತದೆ. ರೆಕ್ಕೆಯ ತೂತುಗಳಿಗೆ ಲಾಡಿ ಪೋಣಿಸಿ ಕತ್ತಿನ ಸುತ್ತ ಕಟ್ಟುತ್ತಾರೆ. ಕೆಲವು ನಳಿಕೆಗಳ ಒಳತುದಿಯಲ್ಲಿ ಗಾಳಿ ತುಂಬುವ ಪುಟ್ಟ ಬಲೂನು ಇರುತ್ತದೆ. ಅದು ಗಾಳಿ ಸೋರದಂತೆ ತಡೆಯುತ್ತದೆಯೇ ಹೊರತು ನಳಿಕೆಯನ್ನು ಹಿಡಿದಿಡುವ ಲಂಗರಲ್ಲ. ಬಲೂನು ಉಬ್ಬಿದ್ದರೂ ನಳಿಕೆ ಹೊರಬರಬಹುದು.

ಶಸ್ತ್ರಕ್ರಿಯೆಯ ನಂತರ ಮೊದಲ ಏಳರಿಂದ ಹತ್ತು ದಿನ ಬಹಳ ಅಪಾಯದ ಕಾಲ. ಚರ್ಮದಿಂದ ಶ್ವಾಸನಾಳದವರೆಗಿನ ದಾರಿ ಆಗಿನ್ನೂ ಗಟ್ಟಿಯಾಗಿರುವುದಿಲ್ಲ. ನಳಿಕೆ ಹೊರಬಂದರೆ ದಾರಿ ಮುಚ್ಚಿಹೋಗಬಹುದು. ಮತ್ತೆ ತೂರಿಸಲು ಹೋದರೆ ಅದು ಶ್ವಾಸನಾಳದ ಬದಲು ಸುತ್ತಲಿನ ಮಾಂಸದೊಳಗೆ ನುಗ್ಗಬಹುದು. ಆದ್ದರಿಂದಲೇ ಆ ದಿನಗಳಲ್ಲಿ ನಳಿಕೆಯ ಕೆಲಸ ಅನುಭವಿ ವೈದ್ಯರದೇ ಆಗಿರುತ್ತದೆ. ದಾರಿ ಬಲಿತ ಮೇಲೆ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ.

ಒಟ್ಟಿನಲ್ಲಿ, ಮನೆಯಲ್ಲಿ ನಳಿಕೆಯನ್ನು ಅದರ ಜಾಗದಲ್ಲಿ ಹಿಡಿದಿಟ್ಟಿರುವುದು ಒಂದು ಲಾಡಿ ಮತ್ತು ಸುತ್ತಲಿನವರ ಗಮನ. ಗಮನ ಸಡಿಲಿದ ಮನೆಯಲ್ಲಿ ಲಾಡಿಯೂ ಸಡಿಲವಾಗುತ್ತದೆ.

'ಆಕಸ್ಮಿಕ' ಎನ್ನುವ ಮುನ್ನ

'ಆಕಸ್ಮಿಕ' ಎಂಬ ಪದ 'ಅಕಸ್ಮಾತ್' ಎಂಬುದರಿಂದ ಬಂದದ್ದು. ಯಾವ ಕಾರಣದಿಂದ ಎಂದು ತಿಳಿಯದೆ ಆದದ್ದು ಎಂದು ಅದರ ಭಾವ. ಆದರೆ ನಳಿಕೆ ಜಾರುವುದಕ್ಕೆ ಬಹುಪಾಲು ಕಾರಣವಿರುತ್ತದೆ, ಹುಡುಕಿದರೆ ಸಿಗುತ್ತದೆ. ಬೆವರಿಗೆ ನೆನೆದು ಸಡಿಲವಾದ ಲಾಡಿ, ಮಗ್ಗುಲು ಬದಲಿಸುವಾಗ ಎಳೆದ ವೆಂಟಿಲೇಟರ್ ಕೊಳವೆ, ಕಫ ಕಟ್ಟಿ ಬಂದ ಜೋರು ಕೆಮ್ಮು, ಗೊಂದಲದಲ್ಲಿರುವ ರೋಗಿಯ ಕೈ.

ಬ್ರಿಟನ್ನಿನ ಅರಿವಳಿಕೆ ತಜ್ಞರು ದೇಶದಾದ್ಯಂತ ಶ್ವಾಸಮಾರ್ಗದ ಅವಘಡಗಳ ಲೆಕ್ಕ ತೆಗೆದು 2011ರಲ್ಲಿ ವರದಿ ಪ್ರಕಟಿಸಿದರು. ತೀವ್ರ ನಿಗಾ ಘಟಕಗಳಲ್ಲಿ ಇಂಥ ಅವಘಡಗಳಿಂದಾದ ಸಾವು ಮತ್ತು ಗಂಭೀರ ಹಾನಿಗೆ ಅತಿ ದೊಡ್ಡ ಕಾರಣ ಜಾಗ ತಪ್ಪಿದ ಟ್ರೇಕಿಯಾಸ್ಟಮಿ ನಳಿಕೆ ಎಂದು ಅದರಲ್ಲಿ ಕಂಡುಬಂತು. ರೋಗಿಯನ್ನು ಹೊರಳಿಸುವ, ಸಾಗಿಸುವ ಹೊತ್ತಿನಲ್ಲಿ ಹೆಚ್ಚು ಎಚ್ಚರ ಬೇಕೆಂದು ಅಂದಿನಿಂದ ವೈದ್ಯರು ಒತ್ತಿ ಹೇಳುತ್ತಾ ಬಂದಿದ್ದಾರೆ. ಯಂತ್ರ, ವೈದ್ಯ, ದಾದಿ ಎಲ್ಲರೂ ಇರುವ ಕಡೆಯೇ ಹೀಗಾದರೆ, ಮನೆಯಲ್ಲಿ ಎಷ್ಟು ಜಾಗ್ರತೆ ಬೇಕು!

ನಾವು ಕೆಲವೊಮ್ಮೆ 'ಎಲ್ಲಾ ದೇವರ ಚಿತ್ತ' ಎಂದು ನಿಟ್ಟುಸಿರು ಬಿಡುತ್ತೇವೆ. ಗಂಟು ಮಾಡಬೇಕಾದ ಕೆಲಸವನ್ನು ದೇವರ ಮೇಲೆ ಹೊರಿಸುವುದು ವಿಶ್ವಾಸವಲ್ಲ. ಹಾಗೆಂದು ಎಲ್ಲಾ ಜಾಗ್ರತೆ ವಹಿಸಿದರೂ ನಳಿಕೆ ಜಾರಿ ಆಪ್ತರನ್ನು ಕಳೆದುಕೊಂಡ ಕುಟುಂಬದತ್ತ ಯಾರೂ ಬೆರಳು ತೋರಿಸಬಾರದು. ಈ ಪಾಠ ಆದದ್ದರ ತೀರ್ಪಿಗಲ್ಲ, ಮುಂದಿನದರ ರಕ್ಷಣೆಗೆ.

ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿವರಿಸುವಾಗ ಅದರ ಅಂಗಗಳಲ್ಲಿ ಮುಂದಾಲೋಚನೆ, ಸುತ್ತುನೋಟ, ಎಚ್ಚರಿಕೆ ಎಂಬ ಮೂರನ್ನೂ ಸೇರಿಸುತ್ತಾರೆ. ರೋಗಿಯ ಹಾಸಿಗೆಯ ಬಳಿ ಈ ಮೂರೂ ಹೇಗೆ ಕೆಲಸ ಮಾಡುತ್ತವೆ ಎಂದು ನೋಡೋಣ.

1. ಮುಂದಾಲೋಚನೆ: ಲಾಡಿಯೂ ಗಂಟೂ

ಲಾಡಿಯನ್ನು ದಿನಕ್ಕೊಮ್ಮೆ, ಹಾಗೂ ಒದ್ದೆಯಾದಾಗಲೆಲ್ಲ ಬದಲಿಸಿ. ನಮ್ಮ ಬೇಸಗೆಯಲ್ಲಿ ಬೆವರಿನಿಂದ, ಕಫದಿಂದ ಅದು ಬೇಗ ನೆನೆಯುತ್ತದೆ. ಲಾಡಿ ಬದಲಿಸುವ ಹೊತ್ತೇ ನಳಿಕೆ ಜಾರುವ ಹೊತ್ತು ಎಂಬುದು ನೆನಪಿರಲಿ. ಆದ್ದರಿಂದ ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ರೆಕ್ಕೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಕತ್ತಿಗೆ ಒತ್ತಿ ಹಿಡಿದಿರಬೇಕು, ಕೆಲಸ ಮುಗಿಯುವವರೆಗೂ ಕೈ ತೆಗೆಯಬಾರದು. ಇನ್ನೊಬ್ಬರು ಲಾಡಿ ಬದಲಿಸಬೇಕು. ಅನಿವಾರ್ಯವಾಗಿ ಒಬ್ಬರೇ ಇದ್ದರೆ, ಹೊಸ ಲಾಡಿ ಕಟ್ಟಿ ಭದ್ರಪಡಿಸಿದ ಮೇಲೆಯೇ ಹಳೆಯದನ್ನು ಕತ್ತರಿಸಿ.

ಜೀರುಗುಣಿಕೆ ಬೇಡ, ಎಳೆದರೆ ಬಿಚ್ಚಿಕೊಳ್ಳದ ಬಿಗಿ ಗಂಟೇ ಆಗಬೇಕು. ಗಂಟು ಕತ್ತಿನ ಪಕ್ಕಕ್ಕಿರಲಿ. ಹಿಂದಕ್ಕಿದ್ದರೆ ಮಲಗಿದಾಗ ಒತ್ತುತ್ತದೆ.

ಬಿಗಿತವನ್ನು ಅಳೆಯುವುದು ಹೇಗೆ? ರೋಗಿ ಗಲ್ಲವನ್ನು ತುಸು ಎದೆಯ ಕಡೆ ಬಾಗಿಸಿದಾಗ ಲಾಡಿಗೂ ಕತ್ತಿಗೂ ನಡುವೆ ಒಂದು ಬೆರಳು ಹೋಗಬೇಕು. ದೊಡ್ಡವರಿಗೆ ಹೆಚ್ಚೆಂದರೆ ಎರಡು. ತಲೆ ಹಿಂದಕ್ಕೆ ವಾಲಿದಾಗ ಬಿಗಿ ಎನಿಸಿದ ಲಾಡಿ, ತಲೆ ಮುಂದೆ ಬಾಗಿಸಿದಾಗ ಸಡಿಲವಾಗಿರುತ್ತದೆ. ಅತಿಯಾಗಿ ಬಿಗಿದರೆ ಚರ್ಮ ಹುಣ್ಣಾಗುತ್ತದೆ, ರಕ್ತಸಂಚಾರಕ್ಕೂ ಅಡ್ಡಿ. ಶಸ್ತ್ರಕ್ರಿಯೆಯ ಬಾವು ಇಳಿದಾಗ, ರೋಗಿಯ ತೂಕ ಇಳಿದಾಗ ನಿನ್ನೆಯ ಬಿಗಿತ ಇಂದಿಗೆ ಸಾಲದು. ಹಾಗಾಗಿ ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ಬೆರಳಿಟ್ಟು ನೋಡುವ ರೂಢಿ ಬೆಳೆಸಿಕೊಳ್ಳಿ.

ರೆಕ್ಕೆಯ ಕೆಳಗೆ ಇಡುವ ಬಟ್ಟೆ ತೆಳ್ಳಗಿರಲಿ. ಮೆತ್ತಗಿರಲೆಂದು ದಪ್ಪನೆಯ ಗಾಜ್ ತುರುಕಿದರೆ ಅದೇ ನಳಿಕೆಯನ್ನು ಹೊರಕ್ಕೆ ತಳ್ಳುತ್ತದೆ. ಸಾದಾ ಗಾಜನ್ನು ಮನೆಯಲ್ಲಿ ಕತ್ತರಿಸಿ ಬಳಸುವುದೂ ಬೇಡ. ಅದರ ಎಳೆಗಳು ರಂಧ್ರದೊಳಗೆ ಹೋಗಬಹುದು.

ಕೆಮ್ಮನ್ನೂ ಮರೆಯುವಂತಿಲ್ಲ. ಮೂಗಿನ ಮೂಲಕ ಉಸಿರಾಡುವಾಗ ಗಾಳಿ ಬೆಚ್ಚಗಾಗಿ ತೇವಗೊಂಡು ಒಳಗೆ ಹೋಗುತ್ತದೆ. ನಳಿಕೆಯ ಉಸಿರಿಗೆ ಆ ಭಾಗ್ಯವಿಲ್ಲ. ಕಫ ಒಣಗಿ ಗಟ್ಟಿಯಾಗುತ್ತದೆ, ಕೆಮ್ಮು ಉಕ್ಕುತ್ತದೆ. ಸಡಿಲ ಲಾಡಿಯಿದ್ದಾಗ ಒಂದು ಜೋರು ಕೆಮ್ಮು ಸಾಕು, ನಳಿಕೆ ಹೊರಗೆ. ವೈದ್ಯರು ಹೇಳಿದಂತೆ ತೇವದ ವ್ಯವಸ್ಥೆ, ಒಳನಳಿಕೆಯ ಶುಚಿ, ಕಫ ತೆಗೆಯುವುದು ತಪ್ಪದಿರಲಿ. ಕಫ ತೆಗೆಯುವಾಗಲೂ ಒಂದು ಕೈ ರೆಕ್ಕೆಯ ಮೇಲಿರಲಿ.

2. ಸುತ್ತುನೋಟ: ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ?

ಎಲ್ಲಾ ರೋಗಿಗಳೂ ಒಂದೇ ಅಲ್ಲ. ತಲೆಗೆ ಪೆಟ್ಟಾಗಿ ಅರೆಪ್ರಜ್ಞೆಯಲ್ಲಿರುವವರು ನಳಿಕೆಯನ್ನು ಕಿತ್ತುಹಾಕಲು ನೋಡುತ್ತಾರೆ. ತಕ್ಷಣ ಕೈಗಳನ್ನು ಮಂಚಕ್ಕೆ ಕಟ್ಟಿಬಿಡುವುದು ಪರಿಹಾರವಲ್ಲ. ಅದು ಚಡಪಡಿಕೆಯನ್ನು ಹೆಚ್ಚಿಸಬಹುದು. ಮೊದಲು ಕಾರಣ ಹುಡುಕಿ. ಕಫ ಕಟ್ಟಿದೆಯೇ? ನೋವಿದೆಯೇ? ಮೂತ್ರಕ್ಕೆ ಹೋಗಬೇಕೇ? ಲಾಡಿಯ ಕೆಳಗೆ ತುರಿಕೆಯೇ? ಭಯವೇ? ಉಸಿರಿಗೆ ತೊಂದರೆಯಾದಾಗಲೂ ರೋಗಿ ಕತ್ತಿಗೆ ಕೈ ಹಾಕುತ್ತಾನೆ. ಅದನ್ನು ಹಟವೆಂದು ಗದರಬೇಡಿ. ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡರೆ ಎಷ್ಟೋ ಸಲ ಚಡಪಡಿಕೆ ತಣಿಯುತ್ತದೆ. ಅದೂ ಸಾಲದಾದರೆ ಮೃದು ಕೈಚೀಲ ತೊಡಿಸುವುದೇ ಮೊದಲಾದವುಗಳ ಬಗ್ಗೆ ವೈದ್ಯರನ್ನು ಕೇಳಿ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಕತ್ತು ಗಿಡ್ಡ, ನಳಿಕೆ ಚಿಕ್ಕದು, ಕೈಕಾಲು ಸುಮ್ಮನಿರುವುದಿಲ್ಲ. ಅಂಟುಪಟ್ಟಿಯ ಲಾಡಿಯಾದರೆ ಕೆಲವು ಮಕ್ಕಳು ತಾವೇ ಪರಕ್ಕನೆ ಬಿಚ್ಚುತ್ತಾರೆ. ಅಂಥವರಿಗೆ ಗಂಟು ಹಾಕಿದ ಲಾಡಿಯೇ ಲೇಸು. ಅಣ್ಣ ಅಕ್ಕಂದಿರಿಗೆ 'ತಮ್ಮನ ಕತ್ತಿನ ಪಟ್ಟಿ ಎಳೆಯಬಾರದು' ಎಂದು ಪ್ರೀತಿಯಿಂದ ಹೇಳಿಕೊಡಿ. ಮಗುವನ್ನು ಒಬ್ಬರ ಕಂಕುಳಿನಿಂದ ಇನ್ನೊಬ್ಬರಿಗೆ ದಾಟಿಸುವ ಕ್ಷಣದಲ್ಲಿ ಕಣ್ಣು ಕತ್ತಿನ ಮೇಲಿರಲಿ.

ನಳಿಕೆಗೆ ಸಿಕ್ಕಿಕೊಳ್ಳುವಂಥದ್ದೇನೂ ಹತ್ತಿರ ಬೇಡ. ಸರ, ತಾಯಿತ, ಬಿಗಿ ಕಾಲರಿನ ಅಂಗಿ ಬೇಡ. ಮುಂದೆ ಗುಂಡಿಯಿರುವ ಅಂಗಿ ಒಳ್ಳೆಯದು, ತಲೆಯ ಮೇಲಿಂದ ಎಳೆದು ಹಾಕುವುದಲ್ಲ. ಜಪಸರವನ್ನು ರೋಗಿಯ ಕತ್ತಿಗೆ ಹಾಕಬೇಡಿ, ಕೈಗೆ ಕೊಡಿ. ನೋಡಲು ಬಂದವರು ಪ್ರೀತಿಯಿಂದ ಹಾರ ಶಾಲು ಹಾಕುವುದು, ಬಿಗಿದಪ್ಪುವುದು, ಪ್ರಾರ್ಥಿಸುವಾಗ ಕತ್ತಿನ ಮೇಲೆ ಕೈಯಿಡುವುದು ಬೇಡ. ಪರಮಪ್ರಸಾದ ತರುವವರಿಗೆ ರೋಗಿ ನುಂಗಬಲ್ಲರೇ ಎಂಬುದನ್ನು ಮುಂಚೆಯೇ ತಿಳಿಸಿ. ಫೆಬ್ರವರಿ 3ರ ಸಂತ ಬ್ಲೇಸರ ಹಬ್ಬದಂದು ಗಂಟಲಿನ ಆಶೀರ್ವಾದಕ್ಕೆ ಕರೆದೊಯ್ಯುವಿರಾದರೆ, ಮೇಣದ ಬತ್ತಿಗಳು ಲಾಡಿಗೆ ತಾಗದಂತೆ ಹಿಡಿಯಲು ಗುರುಗಳಿಗೆ ಹೇಳಿ. ಆಮ್ಲಜನಕ ಹರಿಯುತ್ತಿದ್ದರಂತೂ ಉರಿಯುವ ಬತ್ತಿ ಹತ್ತಿರ ಸುಳಿಯಲೇಬಾರದು.

3. ಎಚ್ಚರಿಕೆ: ಹೊರಳಿಸುವಾಗ ಒಂದು ಕೈ ನಳಿಕೆಗೆ

ಈ ಪಾಠದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ರೋಗಿ ಅಲುಗುವಾಗೆಲ್ಲ ಒಬ್ಬರ ಕೈ ನಳಿಕೆಗೆ ಮೀಸಲು.

ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಛಾವಣಿ ತೆಗೆದು ಯೇಸುವಿನ ಮುಂದೆ ಇಳಿಸಿದ ಘಟನೆಯನ್ನು ಶುಭಸಂದೇಶದಲ್ಲಿ ಕೇಳಿದ್ದೇವೆ. ನಾಲ್ವರಲ್ಲಿ ಒಬ್ಬ ಮೈಮರೆತಿದ್ದರೆ ಏನಾಗುತ್ತಿತ್ತು? ಹಾಸಿಗೆ ವಾಲುತ್ತಿತ್ತು. ಮನೆಯಲ್ಲಿ ಮಗ್ಗುಲು ಬದಲಿಸುವಾಗಲೂ ಹಾಗೆಯೇ. ಯಾರ ಕೆಲಸ ಯಾವುದೆಂದು ಮೊದಲೇ ಹಂಚಿಕೊಳ್ಳಬೇಕು. ತಲೆಯ ಬಳಿ ನಿಂತವರು ಮುಖ್ಯಸ್ಥರು. ಅವರ ಒಂದು ಕೈ ನಳಿಕೆಯ ರೆಕ್ಕೆಯ ಮೇಲೆ, ಇನ್ನೊಂದು ತಲೆಗೆ ಆಸರೆ. ಅವರು 'ಒಂದು, ಎರಡು, ಮೂರು' ಎಂದಾಗಲೇ ಉಳಿದವರು ಹೊರಳಿಸಬೇಕು.

ವೆಂಟಿಲೇಟರ್ ಅಥವಾ ಆಮ್ಲಜನಕದ ಕೊಳವೆ ಇದ್ದರೆ ಅದರ ಭಾರ ನಳಿಕೆಯ ಮೇಲೆ ಬೀಳಬಾರದು. ಕೊಳವೆಗೆ ಆಸರೆ ಕೊಡಿ. ರೋಗಿ ಹೊರಳುವಷ್ಟು ಉದ್ದ ಸಡಿಲವಾಗಿದೆಯೇ, ಮಂಚದ ಸರಳಿಗೆ ಸಿಕ್ಕಿದೆಯೇ ನೋಡಿ. ಹೊರಳಿಸುವ ಕ್ಷಣಕ್ಕೆ ಕೊಳವೆಯನ್ನು ಬಿಡಿಸಬಹುದೇ, ಎಷ್ಟು ಹೊತ್ತು ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮುನ್ನವೇ ಕೇಳಿ ತಿಳಿಯಿರಿ. ಗಾಲಿಕುರ್ಚಿಗೆ ಕೂರಿಸುವಾಗ, ಸ್ನಾನ ಮಾಡಿಸುವಾಗ, ಕಾರು ಆಟೋ ಹತ್ತಿಸುವಾಗ ಇದೇ ನಿಯಮ. ಪ್ರತಿ ಸಲ ಹೊರಳಿಸಿದ ಮೇಲೆ ಮೂರು ಸಂಗತಿ ನೋಡಿ: ರೆಕ್ಕೆ ಚರ್ಮಕ್ಕೆ ತಾಗಿದೆಯೇ, ನಳಿಕೆಯ ಬಾಯಿಂದ ಉಸಿರು ಅಂಗೈಗೆ ತಗಲುತ್ತಿದೆಯೇ, ರೋಗಿಯ ಮುಖ ನೆಮ್ಮದಿಯಾಗಿದೆಯೇ.

ಅರ್ಧ ಜಾರಿದ ನಳಿಕೆ

ಪೂರ್ತಿ ಹೊರಬಂದ ನಳಿಕೆ ಕಣ್ಣಿಗೆ ಕಾಣುತ್ತದೆ. ಅರ್ಧ ಜಾರಿದ್ದು ಕಾಣುವುದಿಲ್ಲ. ಹೊರಗೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ, ಒಳತುದಿ ಮಾತ್ರ ಶ್ವಾಸನಾಳ ಬಿಟ್ಟಿರುತ್ತದೆ. ಹೆಚ್ಚು ಮೋಸ ಮಾಡುವುದು ಇದೇ. ಈ ಲಕ್ಷಣಗಳನ್ನು ಮನೆಮಂದಿಯೆಲ್ಲ ತಿಳಿದಿರಬೇಕು: ಕಫ ಎಳೆಯುವ ಕೊಳವೆ ಸರಾಗವಾಗಿ ಇಳಿಯದಿರುವುದು, ಬಲೂನು ಉಬ್ಬಿಸಿದ ನಳಿಕೆಯಿರುವ, ಈವರೆಗೆ ದನಿಯಿಲ್ಲದ ರೋಗಿಯ ಬಾಯಿಂದ ಇದ್ದಕ್ಕಿದ್ದಂತೆ ದನಿ ಹೊರಡುವುದು, ಕತ್ತು ಎದೆ ಊದಿಕೊಳ್ಳುವುದು, ವೆಂಟಿಲೇಟರ್ ಮತ್ತೆ ಮತ್ತೆ ಎಚ್ಚರಿಕೆ ಸದ್ದು ಮಾಡುವುದು, ಏದುಸಿರು, ಬೆವರು, ತುಟಿ ಉಗುರು ನೀಲಿಯಾಗುವುದು. ದನಿ ಬಂತೆಂದು ಸಂತೋಷಪಡುವ ಮುನ್ನ ನಳಿಕೆಯನ್ನು ನೋಡಿ. ಯಂತ್ರದ ಸದ್ದನ್ನು ಆರಿಸುವ ಮುನ್ನ ರೋಗಿಯನ್ನು ನೋಡಿ.

ಜಾರಿಯೇ ಬಿಟ್ಟರೆ

ಹಾಸಿಗೆಯ ಪಕ್ಕ ಸದಾ ಒಂದು ಚೀಲವಿರಲಿ. ಅದರಲ್ಲಿ ಅದೇ ಅಳತೆಯ ನಳಿಕೆ, ಒಂದು ಅಳತೆ ಚಿಕ್ಕ ನಳಿಕೆ, ಅವನ್ನು ತೂರಿಸಲು ನೆರವಾಗುವ ಆಬ್ಚುರೇಟರ್ ಎಂಬ ದುಂಡು ತುದಿಯ ಕಡ್ಡಿ, ನೀರಿನಲ್ಲಿ ಕರಗುವ ಜಾರು ಜೆಲ್, ಲಾಡಿ, ಕತ್ತರಿ, ಗಾಜ್, ಟಾರ್ಚ್ ಇರಬೇಕು. ಸಕ್ಷನ್ ಯಂತ್ರ ಮತ್ತು ಕೈಯಿಂದ ಒತ್ತುವ ಅಂಬು ಬ್ಯಾಗ್ ಕೈಗೆಟುಕುವಂತಿರಲಿ. ರೋಗಿ ಹೊರಗೆ ಹೊರಟರೆ ಚೀಲವೂ ಹೊರಡಬೇಕು.

ನಳಿಕೆ ಹೊರಬಂದಾಗ ಮೊದಲು ಸಹಾಯಕ್ಕೆ ಕೂಗಿ. ಒಬ್ಬರು 108ಕ್ಕೆ ಕರೆ ಮಾಡಲಿ. ಆಮ್ಲಜನಕವಿದ್ದರೆ ಮುಖಕ್ಕೂ ಕತ್ತಿನ ರಂಧ್ರಕ್ಕೂ ಹಿಡಿಯಿರಿ. ದಾರಿ ಬಲಿತಿದ್ದು, ಆಸ್ಪತ್ರೆಯಲ್ಲಿ ನಿಮಗೆ ತರಬೇತಿ ಕೊಟ್ಟಿದ್ದರೆ, ಭುಜದ ಕೆಳಗೆ ಸುತ್ತಿದ ಟವೆಲಿಟ್ಟು ಕತ್ತನ್ನು ತುಸು ಹಿಂದಕ್ಕೆ ಬಾಗಿಸಿ, ಬದಲಿ ನಳಿಕೆಯನ್ನು ಅದರ ಬಾಗಿಗೆ ತಕ್ಕಂತೆ ಮೆಲ್ಲಗೆ ಇಳಿಸಿ, ಕಡ್ಡಿಯನ್ನು ಕೂಡಲೇ ಹೊರತೆಗೆಯಿರಿ. ಹೋಗದಿದ್ದರೆ ಚಿಕ್ಕ ಅಳತೆಯದನ್ನು ಪ್ರಯತ್ನಿಸಿ. ಬಲವಂತ ಬೇಡವೇ ಬೇಡ. ಅದೂ ಹೋಗದೆ ಉಸಿರು ನಿಲ್ಲುತ್ತಿದ್ದರೆ, ಮೇಲಿನ ಶ್ವಾಸಮಾರ್ಗ ತೆರೆದಿರುವ ರೋಗಿಗೆ ರಂಧ್ರವನ್ನು ಗಾಜಿನಿಂದ ಮುಚ್ಚಿ ಬಾಯಿ ಮೂಗಿನ ಮೂಲಕ ಉಸಿರು ಕೊಡಬೇಕು. ಧ್ವನಿಪೆಟ್ಟಿಗೆಯನ್ನೇ ತೆಗೆದಿರುವ ರೋಗಿಗೆ ಬಾಯಿಂದ ಶ್ವಾಸಕೋಶಕ್ಕೆ ದಾರಿಯೇ ಇಲ್ಲ. ಅವರಿಗೆ ಕತ್ತಿನ ರಂಧ್ರವೊಂದೇ ಗತಿ. ನಿಮ್ಮ ರೋಗಿ ಈ ಇಬ್ಬರಲ್ಲಿ ಯಾರು? ಇದನ್ನು ಇಂದೇ ವೈದ್ಯರಿಂದ ಕೇಳಿ, ದೊಡ್ಡ ಅಕ್ಷರದಲ್ಲಿ ಬರೆದು ತಲೆಯ ಬಳಿ ಗೋಡೆಗೆ ಅಂಟಿಸಿ. ಈ ಲೇಖನ ಓದಿದ್ದು ತರಬೇತಿಯಾಗದು. ದಾದಿಯರ ಎದುರಿನಲ್ಲಿ ನಿಮ್ಮ ಕೈಯಿಂದಲೇ ಮಾಡಿ ಕಲಿಯದೆ ಮನೆಗೆ ಹೊರಡಬೇಡಿ.

ಕಾವಲು ಒಬ್ಬರ ಹೊರೆಯಲ್ಲ

ಈ ನಳಿಕೆಯ ಚರಿತ್ರೆಯಲ್ಲೇ ನಮಗೊಂದು ಪಾಠವಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿ ಉಸಿರಾಟದ ಸ್ನಾಯುಗಳೇ ಸೋತ ರೋಗಿಗಳು ಆಸ್ಪತ್ರೆ ತುಂಬಿದರು. ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಕತ್ತಿನ ನಳಿಕೆಯ ಮೂಲಕ ರಬ್ಬರ್ ಚೀಲ ಒತ್ತಿ ಉಸಿರು ಕೊಡುವ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಹಾಸಿಗೆಯ ಪಕ್ಕ ಕುಳಿತು ಚೀಲ ಒತ್ತಿದರು. ಸಾಯುವವರ ಪ್ರಮಾಣ ಬಹಳ ಇಳಿಯಿತು. ಅಲ್ಲಿ ಜೀವ ಉಳಿಸಿದ್ದು ಸರದಿ. ಒಬ್ಬನೇ ವಿದ್ಯಾರ್ಥಿ ಮೂರು ರಾತ್ರಿ ಕುಳಿತಿದ್ದರೆ ಅವನ ಕೈ ಸೋಲುತ್ತಿತ್ತು.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಹೆಂಡತಿಯೊಬ್ಬಳೇ, ತಾಯಿಯೊಬ್ಬಳೇ ತಿಂಗಳುಗಟ್ಟಲೆ ನಿದ್ದೆಗೆಡುತ್ತಾಳೆ. ನಿದ್ದೆಗೆಟ್ಟ ಕಣ್ಣಿಗೆ ಸಡಿಲ ಲಾಡಿ ಕಾಣುವುದಿಲ್ಲ. 'ನಾನೇ ನೋಡಿಕೊಳ್ಳುತ್ತೇನೆ' ಎಂಬ ಪ್ರೀತಿ ದೊಡ್ಡದು. ಆದರೆ ಇನ್ನೊಬ್ಬರಿಗೆ ಕೆಲಸ ಕಲಿಸಿ, ಆ ರಾತ್ರಿ ಮಲಗುವ ಪ್ರೀತಿ ರೋಗಿಗೆ ಹೆಚ್ಚು ಕ್ಷೇಮ. ಮನೆಯಲ್ಲಿ ಕನಿಷ್ಠ ಇಬ್ಬರು ಎಲ್ಲವನ್ನೂ ಕಲಿತಿರಲಿ. ನೆರೆಯವರು, ಧರ್ಮಕೇಂದ್ರದ ಯುವಕ ಯುವತಿಯರು ಹಣ್ಣು ತಂದುಕೊಟ್ಟು ಹೋಗುವುದಕ್ಕಷ್ಟೇ ನಿಲ್ಲದೆ, ತರಬೇತಿ ಪಡೆದು ವಾರಕ್ಕೊಂದು ರಾತ್ರಿಯ ಕಾವಲು ವಹಿಸಿಕೊಳ್ಳಲಿ.

ನಳಿಕೆಯಿರುವ ಅನೇಕರು ಕೂಗಿ ಕರೆಯಲಾರರು. ನೀರು ಬೇಕೆಂದರೂ, ಉಸಿರು ಕಟ್ಟಿದರೂ ಅವರ ಬಾಯಿಂದ ಶಬ್ದ ಹೊರಡದು. ಕೈಗೊಂದು ಗಂಟೆ ಕೊಡಿ, ಸ್ಲೇಟು ಕೊಡಿ, ಹೌದು ಅಲ್ಲ ಎನ್ನಲು ಕಣ್ಣಿನ ಸನ್ನೆ ಗೊತ್ತುಮಾಡಿಕೊಳ್ಳಿ. ಕರೆಯಲಾರದವರು ಇರುವ ಮನೆಯಲ್ಲಿ ಉಳಿದವರು ಕಣ್ಣಿನಿಂದ ಕೇಳುವುದನ್ನು ಕಲಿಯಬೇಕಾಗುತ್ತದೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಅಥವಾ ನೆರೆಮನೆಯ ರೋಗಿಯ ಲಾಡಿಗೆ ಇಂದು ಯಾರಾದರೂ ಬೆರಳಿಟ್ಟು ನೋಡಿದ್ದಾರೆಯೇ?

2. ಬದಲಿ ನಳಿಕೆಗಳ ಚೀಲ ಎಲ್ಲಿದೆ? ಮನೆಯ ಎಲ್ಲರಿಗೂ ಗೊತ್ತೇ?

3. ಹೊರಳಿಸುವಾಗ ನಳಿಕೆಗೆ ಮೀಸಲಾದ ಕೈ ಯಾರದು?

4. ಆರೈಕೆ ಮಾಡುವವರು ಕಳೆದ ವಾರ ಎಷ್ಟು ರಾತ್ರಿ ಪೂರ್ತಿ ನಿದ್ದೆ ಮಾಡಿದರು? ಬರುವ ವಾರ ಅವರಿಗೆ ಒಂದು ರಾತ್ರಿಯನ್ನು ಕೊಡಬಲ್ಲವರು ನಮ್ಮಲ್ಲಿ ಯಾರು?